ಬೆಟ್ಟದ ಬಡತನವೂ ತಾಲ್ಲೂಕಿನ ಸರಾಸರಿಯೂ



ಯಳಂದೂರಿನ ಗದ್ದೆಬಯಲನ್ನು ದಾಟಿ ಬಿಳಿಗಿರಿರಂಗನ ಬೆಟ್ಟವನ್ನೇರುವ ಯಾತ್ರಿಕನು ಸ್ವಾಮಿಯ ದರ್ಶನವನ್ನು ಪಡೆದು, ಮಂಜನ್ನು ಹೊಗಳಿ, ಸಂಜೆಯೊಳಗೆ ಇಳಿದುಬಿಡುವನು. ಕಾಡಿನೊಳಗಿರುವ ಸೋಲಿಗರ ಪೋಡುಗಳು ಅವನ ಕಣ್ಣಿಗೆ ಬೀಳುವುದು ಅಪರೂಪ. ಸೋಲಿಗರ ಕಥೆಯಂತೆ ರಂಗಸ್ವಾಮಿಯು ಅವರ ಮನೆಮಗಳು ಕುಸುಮಾಲೆಯನ್ನು ವರಿಸಿದವನು. ಆದುದರಿಂದ ದೇವರು ಅವರಿಗೆ ಭಾವನಾಗಬೇಕು. ಸರಕಾರದ ಲೆಕ್ಕದಲ್ಲಿ ಮಾತ್ರ ಈ ದೇವರ ನೆಂಟರು ಕಾಣಿಸುವುದು ಕಷ್ಟ. ಅದು ಹೇಗೆಂಬುದನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಪ್ರಾಂತಾಭಿವೃದ್ಧಿಗೆ ಯೋಜನೆ ಹಾಕುವವರು ಮೊದಲು ಅಳೆಯುವ ಕೋಲನ್ನು ಆರಿಸಿಕೊಳ್ಳಬೇಕಷ್ಟೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ ತಾಲ್ಲೂಕನ್ನೇ ಕೋಲಾಗಿ ಹಿಡಿದು, 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದವೆಂದು ಎಣಿಸಿತು. ಜಿಲ್ಲೆಯ ಸರಾಸರಿಗಿಂತ ಇದು ಎಷ್ಟೋ ಸೂಕ್ಷ್ಮವಾದುದು, ಶ್ಲಾಘ್ಯವಾದುದೂ ಹೌದು. ಆದರೆ ಈ ಬೆಟ್ಟದ ಸಾಲು ಅಂಥ ಗಡಿಗಳಿಗೆ ಒಗ್ಗುವುದಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಬಂದ ಜಹಗೀರು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಇಂದಿಗೂ ಬೆಟ್ಟವು ಹಲವು ತಾಲ್ಲೂಕುಗಳಲ್ಲಿ ಹಂಚಿಹೋಗಿದೆ. ಬಯಲಿನ ಗದ್ದೆಯ ಭತ್ತವನ್ನೂ ಪೋಡಿನ ರಾಗಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕವು ಯಾರ ಮನೆಯದೂ ಅಲ್ಲ.

ಪೋಡಿನ ಲೆಕ್ಕವನ್ನು ಪೋಡಿನಲ್ಲಿಯೇ ಕುಳಿತು ಬರೆದ ಸಂಶೋಧಕರೂ ಉಂಟು. 1990ರ ದಶಕದಲ್ಲಿ ಅವರು ಕಂಡಂತೆ, ಸೋಲಿಗ ಸಂಸಾರದ ವರಮಾನದಲ್ಲಿ ಸುಮಾರು ಅರ್ಧವು ನೆಲ್ಲಿ, ಜೇನು, ಮರದ ಪಾಚಿ ಮೊದಲಾದ ಕಾಡಿನ ಹುಟ್ಟುವಳಿಯಿಂದ ಬರುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಹಳೆಯ ಬೇಸಾಯವು ನಿಂತುಹೋಗಿದ್ದಿತು. ವನ್ಯಜೀವಿ ಶಾಸನಕ್ಕೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿದ್ದಿತು. ಹಲವರು ಕೂಲಿಯನ್ನರಸಿ ಹೊರಟರು. ಒಂದು ಮನೆಯ ಅರ್ಧ ಅನ್ನವು ಹೋಯಿತು. ತಾಲ್ಲೂಕಿನ ಸರಾಸರಿಯಲ್ಲಿ ಅದು ಗೋಚರವಾಗುವಂತಿರಲಿಲ್ಲ.

ಕಾಡಿಗಾದರೂ ಲಾಭವಾಯಿತೇ? 1997ರಲ್ಲಿಯೂ 2008ರಲ್ಲಿಯೂ ಇದೇ ಕಾಡನ್ನು ಅಳೆದವರಿಗೆ ಲಂಟಾನದ ಪೊದೆ ಬೆಳೆದ ಸ್ಥಳಗಳು ಸುಮಾರು ಎರಡರಷ್ಟಾಗಿ ಕಂಡವು. ತಾವು ಹಿಂದೆ ಹಾಕುತ್ತಿದ್ದ ತರಗುಬೆಂಕಿಯನ್ನು, ಎಂದರೆ ಒಣಗಿದೆಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿಯನ್ನು, ನಿಲ್ಲಿಸಿದುದೇ ಇದಕ್ಕೆ ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಾರೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಬೇಕೆಂದು ನಾನು ಹೇಳೆನು. ಅವರನ್ನು ಕೇಳದೆ ಕಾಡಿನ ಯೋಜನೆಯನ್ನು ಬರೆದುದು ಮಾತ್ರ ನಮ್ಮ ವಿದ್ಯಾವಂತರ ಅಹಂಕಾರವೇ ಸರಿ. ಆ ಗುಂಪಿನಲ್ಲಿ ನಾನೂ ಇದ್ದೇನೆ.

2011ರಲ್ಲಿ, 2006ರ ಅರಣ್ಯಹಕ್ಕು ಶಾಸನದ ಮೇರೆಗೆ, ಇಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ದೇಶದ ಹುಲಿಗಾಡುಗಳಲ್ಲಿ ಇದೇ ಮೊದಲು. ಹಕ್ಕುಪತ್ರ ಕೈಸೇರಿದ ಮಾತ್ರಕ್ಕೆ ನೆಲ್ಲಿಕಾಯಿಗೆ ಬೆಲೆ ಬಾರದು. ಒಣಗಿಸುವ, ತೂಗುವ, ಮಾರುವ ಏರ್ಪಾಡು ಬೇಕು; ಮಳೆಗಾಲದಲ್ಲಿ ಮಕ್ಕಳು ಶಾಲೆಯನ್ನು ಸೇರುವ ದಾರಿ ಬೇಕು. ಡಾ. ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯಿಂದ ಶಾಲೆಗೂ, ಶಾಲೆಯಿಂದ ಕಸುಬಿಗೂ ಕೈಹಾಕಿದುದನ್ನು ಇಲ್ಲಿ ನೆನೆಯಬಹುದು. ಒಂದು ಪೋಡಿನ ಕೊರತೆಯು ಇನ್ನೊಂದರದಲ್ಲ. ಅದನ್ನು ಬಲ್ಲ ಸಭೆಯು ಈಗ ಶಾಸನಬದ್ಧವಾಗಿ ಅಲ್ಲಿಯೇ ಇದೆ. ಮುಂದಿನ ಲೆಕ್ಕವನ್ನು ಬರೆಯುವವರು ಆ ಸಭೆಯ ಚಾಪೆಯ ಮೇಲೆ ಕುಳಿತು ಬರೆಯಲಿ ಎಂಬುದೇ ನನ್ನ ಬಿನ್ನಹ.