ಕೂರಿಗೆಯ ಜೊತೆಗೆ ಬಿತ್ತುವ ಕೈಯೂ ಉಳಿಯಲಿ

(ಸಿರಸಂಗಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಆ ಘಟ್ಟದ ಸೀಮೆಯಲ್ಲಿ ವಾಸಿಸುವ ನಾನು, ಅದೇ ನದಿ ಬಯಲಿಗಿಳಿದು ಹರಿಯುವ ಸವದತ್ತಿ ಸೀಮೆಗೆ ಬಂದು ನಿಮ್ಮೆದುರು ನಿಂತಿದ್ದೇನೆ. ನಮ್ಮ ಪೂರ್ವಿಕರು ದಿನನಿತ್ಯ ಬಳಸುತ್ತಿದ್ದ ವಸ್ತುಗಳನ್ನು ಊರಿನಲ್ಲಿಯೇ, ಊರಿನವರೇ ಕಾಪಾಡಿಕೊಳ್ಳುವುದು ಹೇಗೆ ಎಂಬುದು ಇಂದಿನ ವಿಷಯ. ಕಾಡು, ನದಿ, ಮಣ್ಣುಗಳ ಬಗೆಗೆ ಮಾತನಾಡುವ ಪರಿಸರ ಚಳವಳಿಗೆ ಹಳೆಯ ನೊಗ, ಕುಂಟೆಗಳ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಒಂದು ಊರಿನ ಮಣ್ಣು ಎಂಥದು, ಮಳೆ ಎಷ್ಟು, ಸುತ್ತಲಿನ ಮರಗಳು ಯಾವುವು ಎಂಬ ಸಂಗತಿಗಳು ಆ ಊರಿನ ಉಪಕರಣಗಳಲ್ಲಿ ಬರೆದಿಟ್ಟಂತೆ ಇರುತ್ತವೆ. ಆ ಬರಹವನ್ನು ಓದಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಓದಿಸಿಕೊಳ್ಳಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ.

ಈ ಮಾತನ್ನು ಆಡಲು ಸಿರಸಂಗಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಇಲ್ಲಿಯ ಕಾಳಿಕಾದೇವಿ ವಿಶ್ವಕರ್ಮ ಸಮಾಜದ ಆರಾಧ್ಯ ದೇವತೆ. ಮರ ಕೆತ್ತುವವರು, ಕಬ್ಬಿಣ ಬಡಿಯುವವರು, ಕಂಚು ಎರಕ ಹೊಯ್ಯುವವರು, ಕಲ್ಲು ಕಡೆಯುವವರು ದೂರದ ಊರುಗಳಿಂದ ಇಲ್ಲಿಗೆ ಬಂದು ಕೈಮುಗಿಯುತ್ತಾರೆ. ಹಾಗೆಯೇ ಇದು ಲಿಂಗರಾಜ ದೇಸಾಯಿಯವರ ಊರು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಶಿಕ್ಷಣಕ್ಕೆ ಮೀಸಲಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ದೇಸಾಯಿಯವರ ವಾಡೆ ಎಲ್ಲಿದೆ ಎಂದು ಕೇಳಿದರೆ ಊರಿನ ಚಿಕ್ಕ ಮಗುವೂ ತೋರಿಸುತ್ತದೆ. ಆದರೆ ಆ ವಾಡೆಗೆ ಕಾಳು ತಂದು ಸುರಿದ ರೈತನ ಕೂರಿಗೆ ಎಲ್ಲಿದೆ? ಅದನ್ನು ಮಾಡಿಕೊಟ್ಟ ಬಡಿಗನ ಬಾಚಿ ಎಲ್ಲಿದೆ?

ನಮ್ಮ ವಸ್ತುಸಂಗ್ರಹಾಲಯಗಳು

ನಮ್ಮ ನಾಡಿನಲ್ಲಿ ವಸ್ತುಸಂಗ್ರಹಾಲಯಗಳಿಗೆ ಕೊರತೆಯಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಶಾಸನ, ಶಿಲ್ಪ, ಹಸ್ತಪ್ರತಿಗಳನ್ನು ಕಾಪಾಡುತ್ತಾ ಬಂದಿದೆ. ಕಿತ್ತೂರಿನ ಕೋಟೆಯ ಆವರಣದಲ್ಲಿರುವ ಸಂಗ್ರಹಾಲಯದಲ್ಲಿ ಆಯುಧಗಳನ್ನೂ ಶಿಲ್ಪಗಳನ್ನೂ ನೋಡಬಹುದು. ಇವೆಲ್ಲ ಅಗತ್ಯವೇ. ಆದರೆ 1824ರ ಕದನದಲ್ಲಿ ಚನ್ನಮ್ಮನ ಪರವಾಗಿ ಕಾದಿದವರು ಉಂಡ ಜೋಳವನ್ನು ಯಾವ ಕೂರಿಗೆಯಲ್ಲಿ ಬಿತ್ತಿದ್ದರು, ಯಾವ ಹಗೇವಿನಲ್ಲಿ ಇಟ್ಟಿದ್ದರು ಎಂಬುದನ್ನು ಖಡ್ಗ ಹೇಳುವುದಿಲ್ಲ.

ಜನಸಾಮಾನ್ಯರ ವಸ್ತುಗಳ ಕಡೆಗೆ ಕಣ್ಣು ಹಾಯಿಸಿದವರೂ ನಮ್ಮಲ್ಲಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯವು 1960ರ ದಶಕದ ಕೊನೆಯಲ್ಲಿ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಬಂಟ್ವಾಳದಲ್ಲಿ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಮನೆಮನೆಯ ವಸ್ತುಗಳನ್ನು ಕಲೆಹಾಕಿದರು. ಸ್ವೀಡನ್ನಿನಲ್ಲಿ ಆರ್ಟುರ್ ಹಾಜೆಲಿಯಸ್ ಎಂಬವರು 1891ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದು, ಹಳ್ಳಿಗಳ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಕಾರ್ಖಾನೆಗಳ ಯುಗ ಹಳ್ಳಿಯ ಬದುಕನ್ನು ಅಳಿಸಿಹಾಕುತ್ತಿದೆ ಎಂಬ ಆತಂಕವೇ ಅದಕ್ಕೆ ಪ್ರೇರಣೆ.

ಇವು ದೊಡ್ಡ ಪ್ರಯತ್ನಗಳು. ನಾನು ಹೇಳಬಯಸುವುದು ಒಂದು ಶಾಲೆಯ ಕೋಣೆಯಲ್ಲಿ, ಒಂದು ಗುಡಿಯ ಪಡಸಾಲೆಯಲ್ಲಿ ಸಾಧ್ಯವಾಗುವ ಸಣ್ಣ ಸಂಗ್ರಹದ ಕುರಿತು. ಅದಕ್ಕಾಗಿ ಎರಡೇ ಎರಡು ವಸ್ತುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಕೂರಿಗೆ

ಕೂರಿಗೆಯನ್ನು ಇಲ್ಲಿಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಅಡ್ಡಲಾಗಿ ಒಂದು ದಿಂಡು. ಅದಕ್ಕೆ ಕೂಡಿಸಿದ ಎರಡು, ಮೂರು ಅಥವಾ ನಾಲ್ಕು ತಾಳುಗಳು ನೆಲವನ್ನು ಸೀಳುತ್ತವೆ. ಪ್ರತಿ ತಾಳಿಗೂ ಒಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಒಂದು ಮರದ ಬಟ್ಟಲಿನಲ್ಲಿ ಕೂಡುತ್ತವೆ. ಬಟ್ಟಲಿಗೆ ಬಿಟ್ಟ ಕಾಳು ತೂತುಗಳ ಮೂಲಕ ಇಳಿದು, ತಾಳು ಸೀಳಿದ ಸಾಲಿನಲ್ಲಿ ಒಂದೇ ಆಳಕ್ಕೆ ಬೀಳುತ್ತದೆ.

ಇದು ಎಷ್ಟು ದೊಡ್ಡ ಸಾಧನೆ ಎಂಬುದನ್ನು ಹೊರಗಿನವರು ಗುರುತಿಸಿದ್ದರು. ಇಂಗ್ಲೆಂಡಿನಲ್ಲಿ ಜೆಥ್ರೋ ಟಲ್ 1701ರ ಸುಮಾರಿಗೆ ರೂಪಿಸಿದ ಬಿತ್ತುವ ಯಂತ್ರವನ್ನು ಅಲ್ಲಿಯವರು ಹೊಸ ಆವಿಷ್ಕಾರವೆಂದೇ ತಿಳಿದಿದ್ದರು. ಕ್ಯಾಪ್ಟನ್ ಹಾಲ್ಕಾಟ್ ಎಂಬ ಅಧಿಕಾರಿ ದಕ್ಷಿಣ ಭಾರತದ ಸಾಧಾರಣ ರೈತರು ಕೂರಿಗೆಯಲ್ಲಿ ಬಿತ್ತುವುದನ್ನು ಕಣ್ಣಾರೆ ಕಂಡು ಬೆರಗಾದನು. ಆತ ಬರೆದದ್ದು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ಧರ್ಮಪಾಲರು ತಮ್ಮ 1971ರ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು. ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಕೂರಿಗೆಯನ್ನು ಅದರ ಕನ್ನಡದ ಹೆಸರಿನಿಂದಲೇ ವರ್ಣಿಸಿದನು.

ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಮೇಲ್ಮಣ್ಣು ಆರತೊಡಗಿರುತ್ತದೆ, ಹಸಿ ಕೆಳಗಿರುತ್ತದೆ. ಕೈಯಿಂದ ಚೆಲ್ಲಿದ ಕಾಳು ಒಣಮಣ್ಣಿನಲ್ಲಿಯೇ ಉಳಿಯುತ್ತದೆ. ಕೂರಿಗೆಯ ಕಾಳು ಹಸಿಯನ್ನು ಮುಟ್ಟುತ್ತದೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಅಂತರವಿದ್ದರೆ ಆಮೇಲೆ ಎಡೆಕುಂಟೆ ಹೊಡೆಯಲು ಅನುಕೂಲ. ಕುಂಟೆಯ ಅಲಗು ಮೇಲ್ಮಣ್ಣನ್ನು ತೆಳುವಾಗಿ ಕತ್ತರಿಸಿ ಬಿರುಕುಗಳನ್ನು ಮುಚ್ಚುತ್ತದೆ. ಒಳಗಿನ ತೇವ ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಕೆಲಸ ಆರಂಭಿಸಿದವು. ಅಗಲವಾದ ಸಾಲು ಹಾಗೂ ಮತ್ತೆ ಮತ್ತೆ ಎಡೆ ಹೊಡೆಯುವುದು ಅಲ್ಲಿಂದ ಬಂದ ಶಿಫಾರಸುಗಳಲ್ಲಿ ಮುಖ್ಯವಾಗಿದ್ದವು. ಈ ಸೀಮೆಯ ಕುಂಟೆಗೆ ಆ ಕೆಲಸ ಹೊಸದಾಗಿರಲಿಲ್ಲ.

ಆದ್ದರಿಂದ ಕೂರಿಗೆ ಮತ್ತು ಎಡೆಕುಂಟೆ ಒಂದೇ ಜೋಡಿ. ಕೂರಿಗೆಯ ತಾಳುಗಳ ಅಂತರಕ್ಕೆ ತಕ್ಕಂತೆ ಕುಂಟೆಯ ಅಗಲ. ಕೂರಿಗೆಯನ್ನು ಮಾತ್ರ ತಂದು ಕುಂಟೆಯನ್ನು ಬಿಟ್ಟರೆ ಕೀಲಿಯನ್ನು ತಂದು ಕೀಲಿಕೈ ಬಿಟ್ಟಂತೆ. ಜಾಲಿಯಂಥ ಗಟ್ಟಿ ಮರ ಹೊಲದ ಬದುವಿನದು. ಬಿದಿರು ನಮ್ಮ ಘಟ್ಟದ ಕಡೆಯದು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನೆಲೆಯೂರಿದ ಮೇಲೆ ಆ ಕಾಡುಗಳ ಬಿದಿರು ರಾಶಿರಾಶಿಯಾಗಿ ಅಲ್ಲಿಗೆ ಸಾಗಿತು. ಬಿದಿರಿನ ಒಂದು ಕೊಳವೆ ಮಲೆನಾಡಿಗೂ ಬಯಲಿಗೂ ಇದ್ದ ನಂಟಿನ ಸಾಕ್ಷಿ.

ಇನ್ನೂ ಒಂದು ಸಂಗತಿಯಿದೆ. ಬಟ್ಟಲಿಗೆ ಕಾಳು ಬಿಡುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು. ಎತ್ತಿನ ನಡಿಗೆಗೆ ಹೆಜ್ಜೆ ಹೊಂದಿಸಿ, ಮುಷ್ಟಿಯಿಂದ ಬೆರಳ ಸಂದಿಯಲ್ಲಿ ಕಾಳು ಜಾರಿಸುತ್ತಾ, ಎಲ್ಲ ತೂತುಗಳಿಗೂ ಸಮನಾಗಿ ಹಂಚುತ್ತಾ ನಡೆಯಬೇಕು. ಎಕರೆಗೆ ಸುಮಾರು 3 ಕಿಲೋ ಜೋಳ ಎಂದು ನಾವು ವಿಜ್ಞಾನಿಗಳು ಬರೆಯುತ್ತೇವೆ. ಆ ಲೆಕ್ಕ ಆಕೆಯ ಬೆರಳುಗಳಲ್ಲಿತ್ತು. ಗೋಡೆಗೆ ಒರಗಿಸಿಟ್ಟ ಕೂರಿಗೆಯಲ್ಲಿ ದಿಂಡು, ತಾಳು, ಬಟ್ಟಲು ಎಲ್ಲವೂ ಇರುತ್ತವೆ, ಆದರೆ ಆ ಕೈ ಇರುವುದಿಲ್ಲ. ಕೈಯ ಅರಿವು ಕಳೆದುಹೋದ ಮೇಲೆ ಕೂರಿಗೆ ಬರಿಯ ಕಟ್ಟಿಗೆ. ಹೆದ್ದಾರಿಯ ಬದಿಯ ಒಂದು ಹೋಟೆಲಿನಲ್ಲಿ ಕೂರಿಗೆಯನ್ನು ತಲೆಕೆಳಗಾಗಿ ತೂಗುಹಾಕಿ ದೀಪಗಳನ್ನು ಕಟ್ಟಿದ್ದನ್ನು ಕಂಡಿದ್ದೇನೆ. ಅಲ್ಲಿ ಊಟ ಮಾಡುವವರಿಗೆ ಅದು ಏನೆಂಬುದೇ ತಿಳಿದಿರಲಿಲ್ಲ.

ಹಗೇವು

ಎರಡನೆಯ ಉದಾಹರಣೆ, ಕೋಣೆಗೆ ತರಲಾಗದ ವಸ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಬಾಯಿ ಕಿರಿದು, ಒಡಲು ಅಗಲ. ಒಳಗೋಡೆಗೆ ಜೋಳದ ದಂಟು, ಹುಲ್ಲು ಹೊದಿಸಿ, ಒಣಗಿದ ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ಹುಳುಗಳು ತಾವಾಗಿಯೇ ಸಾಯುತ್ತವೆ. ಯಾವ ಔಷಧಿಯೂ ಇಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಬದುಕಿಸಿದ್ದು ಇದೇ.

ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದು. ಆದ್ದರಿಂದ ಹಗೇವು ತೆರೆದ ಮೇಲೆ ಬಹಳ ಹೊತ್ತು ಕಾಯಬೇಕು, ಹೊತ್ತಿಸಿದ ದೀಪವನ್ನು ಇಳಿಬಿಟ್ಟು ನೋಡಬೇಕು, ದೀಪ ನಂದಿದರೆ ಇಳಿಯಬಾರದು ಎಂಬ ಎಚ್ಚರವನ್ನು ಹಿರಿಯರು ಕಲಿಸುತ್ತಿದ್ದರು. ಮಕ್ಕಳೇ, ಹಳೆಯ ಹಗೇವು ಕಂಡರೆ ಕುತೂಹಲಕ್ಕೂ ಒಳಗೆ ಇಳಿಯಬೇಡಿ. ನೆಲದ ತೇವ ಹೆಚ್ಚಾದರೆ ಹಗೇವು ನಿಲ್ಲುವುದಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಕಾಲುವೆಗಳು ಹರಿದ ಮೇಲೆ ಈ ಸೀಮೆಯ ಬೆಳೆ, ಬದುಕು ಎರಡೂ ಬದಲಾದವು. ನಿಮ್ಮ ಊರಿನ ಹಗೇವುಗಳು ಎಲ್ಲೆಲ್ಲಿದ್ದವು, ಯಾವಾಗ ಮುಚ್ಚಿದವು ಎಂಬ ನಕ್ಷೆಯೊಂದನ್ನು ಶಾಲೆಯ ಮಕ್ಕಳು ಬರೆದರೆ, ಅದು ನೆಲದೊಳಗಿನ ನೀರಿನ ಚರಿತ್ರೆಯೂ ಆಗುತ್ತದೆ.

ಯಾರ ಹೆಸರು ಬರೆಯಬೇಕು?

ಹಳೆಯದೆಲ್ಲ ಚಿನ್ನವೆಂದು ಹೇಳಲು ನಾನು ಬಂದಿಲ್ಲ. ಬೆಳಗಿನ ಜಾವ ಎದ್ದು ಬೀಸುಕಲ್ಲು ತಿರುಗಿಸಿದ ಅವ್ವನ ತೋಳಿನ ನೋವು ಬೀಸುವ ಹಾಡಿನಷ್ಟೇ ನಿಜ. ಗಿರಣಿ ಬಂದದ್ದು ಆಕೆಗೆ ಬಿಡುಗಡೆಯೇ ಸರಿ. ಟ್ರ್ಯಾಕ್ಟರ್ ಇಟ್ಟುಕೊಂಡ ರೈತನಿಗೆ ಎತ್ತು ಕಟ್ಟು ಎಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಸಂಗ್ರಹಾಲಯವು ದುಡಿಮೆಯ ಜಾಣ್ಮೆಯನ್ನು ಹೇಳುವಂತೆಯೇ ದುಡಿಮೆಯ ಭಾರವನ್ನೂ ಹೇಳಬೇಕು.

ಹಾಗೆಯೇ ಅದು ನ್ಯಾಯವನ್ನೂ ಹೇಳಬೇಕು. ಉಳ್ಳವರ ವಸ್ತುಗಳು ಉಳಿಯುತ್ತವೆ, ಏಕೆಂದರೆ ಅವಕ್ಕೆ ಗಟ್ಟಿ ಮಾಳಿಗೆಯಿತ್ತು. ಬಡವನ ಮನೆಯ ಬುಟ್ಟಿ, ಮಿಣಿ, ಮಡಕೆಗಳು ಮಳೆಗೆ ಕೊಳೆತವು, ಒಲೆಗೆ ಹೋದವು. ಬಡಿಗ, ಕಂಬಾರರಿಗೆ ರಾಶಿಯ ಕಾಲಕ್ಕೆ ಕಣದಲ್ಲಿ ಕಾಳು ಕೊಡುವ ಆಯದ ಪದ್ಧತಿಯಿತ್ತು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲವನ್ನು ಹೊಲಿದ ಕೈಗಳನ್ನು ಊರು ಹೊರಗೇ ಇರಿಸಿತ್ತು. ‘ಇಂಥವರ ಮನೆಯವರು ಕೊಟ್ಟದ್ದು’ ಎಂದು ಬರೆದರೆ ಸಾಲದು. ‘ಇಂಥವರು ಮಾಡಿದ್ದು’ ಎಂದೂ ಬರೆಯಬೇಕು. ಒಡೆಯನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಮಾಡಿದವರ ಹೆಸರು ಇರಲಿ.

ನಾವು ಮಾಡಬಹುದಾದದ್ದು

ಕೆಲವು ಸರಳ ಸಲಹೆಗಳಿವೆ. ಒಂದು, ಪ್ರತಿ ವಸ್ತುವಿಗೂ ಆರು ಪ್ರಶ್ನೆಗಳನ್ನು ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಿರಿ: ಊರಿನ ಮಾತಿನಲ್ಲಿ ಇದರ ಹೆಸರೇನು? ಯಾವ ಮರ, ಯಾವ ಲೋಹ? ಮಾಡಿದವರು ಯಾರು? ಯಾವ ಕಾಲದಲ್ಲಿ, ಯಾವ ಕೆಲಸಕ್ಕೆ ಬಳಕೆ? ಬಳಸಿದವರು ಯಾರು? ಯಾವಾಗ, ಏಕೆ ನಿಂತಿತು? ಭಾಗಗಳ ಹೆಸರುಗಳನ್ನೂ ಬಿಡಬೇಡಿ. ಪಕ್ಕದ ಊರಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ.

ಎರಡು, ಕೈಯ ಕೆಲಸವನ್ನು ದಾಖಲಿಸಿ. ಕೂರಿಗೆ ಬಿಡಬಲ್ಲ ಅಜ್ಜಿಯನ್ನು ಗೌರವದಿಂದ ಕರೆತಂದು, ವರ್ಷಕ್ಕೊಮ್ಮೆ ಹಿಂಗಾರಿಯ ಹೊತ್ತಿಗೆ ಒಂದು ಗುಂಟೆಯಲ್ಲಾದರೂ ಆ ಕೂರಿಗೆಯಿಂದಲೇ ಬಿತ್ತಿರಿ. ಮೊಬೈಲಿನಲ್ಲಿ ಮುಖದ ಜೊತೆಗೆ ಬೆರಳುಗಳನ್ನೂ ಚಿತ್ರೀಕರಿಸಿ. ಅವರಿಂದ ಒಬ್ಬ ವಿದ್ಯಾರ್ಥಿನಿಯೋ ವಿದ್ಯಾರ್ಥಿಯೋ ಆ ಕೆಲಸವನ್ನು ಕಲಿಯಲಿ.

ಮೂರು, ಅಳತೆಗಳನ್ನು ಬಿಡಬೇಡಿ. 1956ರ ಕಾಯ್ದೆಯ ನಂತರ ಮೆಟ್ರಿಕ್ ಅಳತೆ ಬಂದು ಸೇರು, ಪಾವುಗಳು ಮೂಲೆ ಸೇರಿದವು. ‘ಕೂರಿಗೆ’ ಎಂಬುದು ಹೊಲದ ಅಳತೆಯೂ ಆಗಿತ್ತು. ಒಂದು ದಿನದಲ್ಲಿ ಒಂದು ಕೂರಿಗೆಯಿಂದ ಬಿತ್ತಬಹುದಾದಷ್ಟು ನೆಲ. ಹಳೆಯ ಸೇರಿಗೆ ಜೋಳ ತುಂಬಿ ಇಂದಿನ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹಳೆಯ ಕಾಗದಪತ್ರಗಳನ್ನು ಓದುವಾಗ ಅದು ಉಪಯೋಗಕ್ಕೆ ಬರುತ್ತದೆ.

ನಾಲ್ಕು, ಕಾಪಾಡುವ ಬಗೆ. ಮರದ ವಸ್ತುಗಳನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಇಡಿ. ಗೆದ್ದಲಿಗೆ ದಾರಿ ಸಿಗಬಾರದು. ಬಣ್ಣ, ವಾರ್ನಿಷ್ ಬಳಿಯಬೇಡಿ. ನೀರಿನಿಂದ ತೊಳೆಯದೆ ಒಣಬಟ್ಟೆಯಿಂದ ಒರೆಸಿ. ಮರದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದರೆ ಕುಟ್ಟೆಹುಳು ಹಿಡಿದಿದೆ ಎಂದು ತಿಳಿದು ಅದನ್ನು ಬೇರೆ ಇಡಿ. ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ; ಸವೆದ ಅಲಗನ್ನು ಮಸೆದು ಹೊಸದು ಮಾಡಬೇಡಿ. ಆ ಸವೆತದಲ್ಲಿಯೇ ಅದು ಕೆಲಸ ಮಾಡಿದ ಗುರುತಿದೆ.

ಮಲೆನಾಡಿನ ನಮ್ಮ ಓದುಗರಿಗೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಗೊರಬು, ಬಿದಿರಿನ ಕಣಜ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಹಿಂದೆಯೂ ಒಂದು ಮರ, ಒಂದು ಮಳೆ, ಒಂದು ಕೈ ಇದೆ. ಹಳೆಯ ಸಾಮಾನು ಕೊಳ್ಳುವವರು ಹಳ್ಳಿಹಳ್ಳಿಗೂ ಬರುತ್ತಿದ್ದಾರೆ. ಅವರು ಕೊಡುವ ನೂರಿನ್ನೂರು ರೂಪಾಯಿಗೆ ವಸ್ತು ಹೋಗುತ್ತದೆ. ಅದರ ಕೆಲಸ ಬಲ್ಲವರಂತೂ ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಕೋಣೆ ಕಟ್ಟಲು ಹಣ ಬೇಕು, ಅದು ತಡವಾಗಬಹುದು. ಪ್ರಶ್ನೆ ಕೇಳಲು ಒಂದು ಪುಸ್ತಕ, ಒಂದು ಪೆನ್ನು ಸಾಕು. ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದಾಗ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ಏನಿದೆ ಎಂದು ನೋಡಿರಿ. ಅದನ್ನು ತೋರಿಸಿ ಅಜ್ಜ ಅಜ್ಜಿಯರನ್ನು ಆ ಆರು ಪ್ರಶ್ನೆ ಕೇಳಿರಿ. ಸಂಗ್ರಹಾಲಯದ ಮೊದಲ ಪುಟ ಅಲ್ಲಿಂದಲೇ ಆರಂಭವಾಗಲಿ.