ಬಾಗ್ದಾದಿನ ಭಾಷಾಂತರಕಾರರು



ಅಂಗಿಯ ಜೇಬಿಗೆ ಕೈಯಿಕ್ಕುವಾಗ ನಮ್ಮಲ್ಲಿ ಯಾರೂ ಗಣಿತಶಾಸ್ತ್ರವನ್ನು ನೆನೆಯುವುದಿಲ್ಲ. ಆದರೆ ಈ ‘ಜೇಬು’ ಎಂಬ ಮಾತಿನ ಬೆನ್ನು ಹಿಡಿದು ಹೊರಟರೆ ಒಂದು ಮಹಾನಾಗರಿಕತೆಯ ಹೆಬ್ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಅದು ಅರಬ್ಬಿಯ ‘ಜೈಬ್’. ಉಡುಪಿನ ಎದೆಯ ಬಳಿಯ ಸೀಳು, ಮಡಿಕೆ ಎಂದು ಅದರ ಅರ್ಥ. ಫಾರಸಿ, ಉರ್ದುಗಳ ಮೂಲಕ ಅದು ನಮ್ಮ ಮನೆಮಾತಾಯಿತು. ಇತ್ತ ನಮ್ಮ ಪ್ರಾಚೀನ ಜ್ಯೋತಿಷಿಗಳು ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿ, ಅದರ ಎರಡು ತುದಿಗಳನ್ನು ಸೇರಿಸುವ ರೇಖೆಗೆ ಬಿಲ್ಲಿನ ಹೆದೆಯ ಹೆಸರನ್ನೇ ಇಟ್ಟು ‘ಜ್ಯಾ’ ಎಂದೂ ‘ಜೀವಾ’ ಎಂದೂ ಕರೆದಿದ್ದರು. ಅರಬ್ಬೀ ಪಂಡಿತರು ಆ ಶಾಸ್ತ್ರವನ್ನು ತಮ್ಮ ಭಾಷೆಗೆ ತಂದಾಗ, ಮಾತನ್ನು ಬದಲಿಸದೆ ‘ಜೀಬಾ’ ಎಂದು ಬರೆದುಕೊಂಡರು. ಹ್ರಸ್ವಸ್ವರಗಳನ್ನು ಗುರುತಿಸದೆ ಬರೆಯುವುದು ಆ ಲಿಪಿಯ ರೂಢಿಯಾದುದರಿಂದ, ಮುಂದಿನವರು ಆ ಅಕ್ಷರಗಳನ್ನೇ ತಮಗೆ ಪರಿಚಿತವಾದ ‘ಜೈಬ್’ ಎಂದು ಓದಿದರು. 12ನೆಯ ಶತಮಾನದಲ್ಲಿ ಲ್ಯಾಟಿನಿಗೆ ಭಾಷಾಂತರಿಸಿದವರು ಮಡಿಕೆ, ಮಡಿಲು ಎಂಬ ಅರ್ಥದ ‘ಸೈನಸ್’ ಶಬ್ದವನ್ನು ಅದಕ್ಕೆ ಸರಿಗಟ್ಟಿದರು. ಇಂದು ನಮ್ಮ ಕಾಲೇಜಿನ ಹುಡುಗರು ‘ಸೈನ್’ ಎಂದು ಬಾಯಿಪಾಠ ಮಾಡುವುದು ಉಜ್ಜಯಿನಿಯ ಕಡೆಯ ಆ ಬಿಲ್ಲಿನ ಹೆದೆಯನ್ನೇ.

ಇಸ್ಲಾಮೀ ನಾಗರಿಕತೆಯ ಚರಿತ್ರೆಯೆಂದರೆ ನಮ್ಮ ಶಾಲಾಪುಸ್ತಕಗಳಲ್ಲಿ ಬಹುಮಟ್ಟಿಗೆ ಕುದುರೆ, ಕತ್ತಿ, ಸಿಂಹಾಸನಗಳ ಚರಿತ್ರೆ. ಅದು ಸುಳ್ಳೇನಲ್ಲ; ಆದರೆ ಆ ನಾಗರಿಕತೆಯ ಜೀವವು ಎಲ್ಲಿ ಮಿಡಿಯುತ್ತಿತ್ತು ಎಂದು ಕೇಳಿದರೆ, ಪರರ ವಿದ್ಯೆಯ ಮುಂದೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಅದು ತೋರಿದ ಶ್ರದ್ಧೆಯಲ್ಲಿ ಎಂದೇ ನನ್ನ ಉತ್ತರ. ಗೆದ್ದವರು ಸೋತವರ ಗ್ರಂಥಗಳನ್ನು ಹುಡುಕಿಸಿ, ಹಣ ಸುರಿದು, ಎರಡು ಶತಮಾನಗಳಿಗೂ ಮೀರಿ ತಮ್ಮ ಭಾಷೆಗೆ ತಂದುಕೊಂಡ ಇಂಥ ಮತ್ತೊಂದು ಪ್ರಸಂಗವು ಪ್ರಾಚೀನ ಲೋಕದಲ್ಲಿ ವಿರಳ.

ಅಬ್ಬಾಸೀ ವಂಶದವರು 750ರಲ್ಲಿ ಅಧಿಕಾರಕ್ಕೆ ಬಂದರು. ಆ ವಂಶದ ಎರಡನೆಯ ಖಲೀಫನಾದ ಅಲ್-ಮನ್ಸೂರನು 762ರಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ವರ್ತುಲಾಕಾರದ ಹೊಸ ರಾಜಧಾನಿಯೊಂದಕ್ಕೆ ಅಸ್ತಿಭಾರವಿಟ್ಟು, ಅದನ್ನು ಶಾಂತಿನಗರವೆಂದು ಹೆಸರಿಸಿದನು. ಅದೇ ಬಾಗ್ದಾದು. ಮುಹೂರ್ತವನ್ನು ಗೊತ್ತುಮಾಡಿದ ಜ್ಯೋತಿಷಿಗಳಲ್ಲಿ ನೌಬಖ್ತನು ಪಾರಸಿಕ ಮೂಲದವನು, ಮಾಶಾ ಅಲ್ಲಾಹನು ಯೆಹೂದಿ. ಕೋಟೆಯ ನಾಲ್ಕು ಬಾಗಿಲುಗಳು ಕೂಫಾ, ಬಸ್ರಾ, ಖುರಾಸಾನ್, ಶಾಮ್ ಎಂಬ ನಾಲ್ಕು ದಿಕ್ಕಿನ ಸೀಮೆಗಳ ಹೆಸರು ಹೊತ್ತಿದ್ದವು. ಬಸ್ರಾದ ದಾರಿಯಿಂದ ಸಮುದ್ರ, ಸಮುದ್ರದಿಂದ ಹಿಂದೂ ದೇಶ.

ಆ ಕಾಲದಲ್ಲಿಯೇ ಕಾಗದವೂ ಬಂದಿತು. ಮಧ್ಯ ಏಷ್ಯದ ತಲಾಸ್ ನದಿಯ ಬಳಿ 751ರಲ್ಲಿ ಚೀನೀಯರೊಡನೆ ನಡೆದ ಕದನದಲ್ಲಿ ಸೆರೆಸಿಕ್ಕವರಿಂದ ಸಮರ್ಕಂದಿನವರು ಕಾಗದದ ಕಸುಬನ್ನು ಕಲಿತರೆಂದು ಹಳೆಯ ಹೇಳಿಕೆಯುಂಟು. ಹೇಗೆಯೇ ಬಂದಿರಲಿ, ಆ ಶತಮಾನದ ಕೊನೆಯ ಹೊತ್ತಿಗೆ ಬಾಗ್ದಾದಿನಲ್ಲಿಯೇ ಕಾಗದ ತಯಾರಾಗುತ್ತಿದ್ದಿತು. ಚರ್ಮದ ಹಾಳೆಗಿಂತ ಅಗ್ಗ, ತಿದ್ದಿದರೆ ಕಲೆ ಉಳಿದು ಕಳ್ಳತನ ಗೊತ್ತಾಗುವುದರಿಂದ ಕಚೇರಿಯ ಲೆಕ್ಕಕ್ಕೂ ಅನುಕೂಲ. ಕಾಗದದೊಂದಿಗೆ ‘ವರ್ರಾಕ’ರೆಂಬ ಹೊಸ ವೃತ್ತಿಯವರು ಹುಟ್ಟಿಕೊಂಡರು, ಪುಸ್ತಕ ಪ್ರತಿಮಾಡುವವರೂ ಅವರೇ, ಮಾರುವವರೂ ಅವರೇ. ಒಂಬತ್ತನೆಯ ಶತಮಾನದ ಭೂಗೋಳಕಾರ ಯಾಕೂಬಿಯು ಅವರ ನೂರಕ್ಕೂ ಮೇಲ್ಪಟ್ಟ ಅಂಗಡಿಗಳನ್ನು ಹೇಳುತ್ತಾನೆ. ನಾವು ಇಂದು ಆಡುವ ‘ದಫ್ತರು’ ಎಂಬ ಮಾತು ಕೂಡ, ಚರ್ಮವೆಂಬ ಅರ್ಥದ ಗ್ರೀಕ್ ಶಬ್ದವೊಂದು ಆ ಕಾಗದದ ಲೋಕವನ್ನು ಹಾದು ಬಂದ ರೂಪ.

ಮನ್ಸೂರನ ಆಸ್ಥಾನಕ್ಕೆ 770ರ ದಶಕದ ಮೊದಲಲ್ಲಿ ಸಿಂಧದಿಂದ ಬಂದ ನಿಯೋಗದೊಡನೆ ಭಾರತೀಯ ಜ್ಯೋತಿರ್ವಿದನೊಬ್ಬನು ಸಿದ್ಧಾಂತ ಗ್ರಂಥವೊಂದನ್ನು ತಂದನು. 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದ ಪರಂಪರೆಯದು ಅದು. ಅರಬ್ಬೀ ನಾಲಗೆಯಲ್ಲಿ ‘ಸಿದ್ಧಾಂತ’ವು ‘ಸಿಂದ್‌ಹಿಂದ್’ ಎಂದಾಗಿ, ಆ ಹೆಸರಿನಿಂದಲೇ ಒಂದು ಖಗೋಳಶಾಸ್ತ್ರದ ಸಂಪ್ರದಾಯವು ಬೆಳೆಯಿತು. ಮಂತ್ರಿಪದವಿಯಲ್ಲಿದ್ದ ಬರ್ಮಕ ಮನೆತನದವರಂತೂ ಭಾರತದ ವಿದ್ಯೆಗೆ ಹತ್ತಿರದವರು. ಅವರ ಪೂರ್ವಿಕರು ಬಾಲ್ಖ್ ನಗರದ ನವವಿಹಾರವೆಂಬ ಬೌದ್ಧ ವಿಹಾರದ ಅಧಿಕಾರಿಗಳಾಗಿದ್ದರು. ‘ಬರ್ಮಕ’ ಎಂಬುದು ಸಂಸ್ಕೃತದ ‘ಪ್ರಮುಖ’ ಶಬ್ದದ ರೂಪಾಂತರವೆಂದು ವಿದ್ವಾಂಸರು ಊಹಿಸುತ್ತಾರೆ. ಖಲೀಫ ಹಾರೂನ್ ಅಲ್-ರಶೀದನ ಮಂತ್ರಿಯಾಗಿದ್ದ ಯಹ್ಯಾ ಬರ್ಮಕನು ಭಾರತದ ಮೂಲಿಕೆಗಳನ್ನೂ ಮತಧರ್ಮಗಳ ವಿವರವನ್ನೂ ತರಲು ಆಳನ್ನು ಕಳುಹಿದನು. ಸುಶ್ರುತಸಂಹಿತೆಯನ್ನು ಮಂಕನೆಂಬ ಭಾರತೀಯ ವೈದ್ಯನಿಂದ ಭಾಷಾಂತರ ಮಾಡಿಸಿದನು.

ಪಂಚತಂತ್ರದ ಪ್ರಯಾಣವಂತೂ ಕೇಳಿದಷ್ಟೂ ಸೊಗಸು. ಪಾರಸಿಕ ದೊರೆ ಅನೂಶಿರ್ವಾನನ ಕಾಲದಲ್ಲಿ ಬುರ್ಜೋಯನೆಂಬ ವೈದ್ಯನು ಅದನ್ನು ಪಹ್ಲವಿಗೆ ತಂದಿದ್ದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನು ಅದನ್ನು ಅರಬ್ಬಿಗೆ ಇಳಿಸಿದಾಗ ಕರಟಕ ದಮನಕರೆಂಬ ನರಿಗಳು ಕಲೀಲ ದಿಮ್ನರಾದುವು. ಆ ಪುಸ್ತಕದಿಂದಲೇ ಅರಬ್ಬೀ ಗದ್ಯವು ತನ್ನ ನಡಿಗೆಯನ್ನು ಕಲಿಯಿತು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ನಮ್ಮ ದುರ್ಗಸಿಂಹನು ವಸುಭಾಗನ ಪಾಠವನ್ನು ಅನುಸರಿಸಿ ಕನ್ನಡದಲ್ಲಿ ಪಂಚತಂತ್ರವನ್ನು ಬರೆದಾಗ, ಅದರ ದೂರದ ಸೋದರನೊಬ್ಬನು ಬಾಗ್ದಾದಿನ ಅಂಗಡಿಗಳಲ್ಲಿ ಎರಡು ಶತಮಾನಗಳಿಗೂ ಹಿಂದಿನಿಂದಲೇ ಬಿಕರಿಯಾಗುತ್ತಿದ್ದನು.

ಇನ್ನು ಅಂಕೆಗಳು. ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿಯು ಒಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಿಂದೂ ಲೆಕ್ಕಾಚಾರದ ಕ್ರಮವನ್ನು ವಿವರಿಸಿ ಗ್ರಂಥ ಬರೆದನು. ‘ಶೂನ್ಯ’ವು ಬರಿದೆಂಬ ಅರ್ಥದ ‘ಸಿಫ್ರ್’ ಆಯಿತು. ಅದೇ ಯೂರೋಪಿನಲ್ಲಿ ‘ಝೀರೋ’ ಆಯಿತು. ಅವನ ಇನ್ನೊಂದು ಗ್ರಂಥದ ಹೆಸರಿನ ‘ಅಲ್-ಜಬ್ರ್’ ಎಂಬ ಮಾತು ಬೀಜಗಣಿತಕ್ಕೆ ಯೂರೋಪಿನಲ್ಲಿ ನಾಮಕರಣವಾಯಿತು. ಮುರಿದ ಎಲುಬನ್ನು ಕೂಡಿಸಿ ಕಟ್ಟುವುದಕ್ಕೂ ಅರಬ್ಬಿಯಲ್ಲಿ ಅದೇ ಮಾತು. ಇಲ್ಲಿ ಒಂದು ಕ್ಷಣ ನಮ್ಮ ಕಡೆಗೆ ತಿರುಗಬೇಕೆನಿಸುತ್ತದೆ. ಖ್ವಾರಿಜ್ಮಿಯ ಮುಂದಿನ ತಲೆಮಾರಿನಲ್ಲಿ, 851ರ ಹೊತ್ತಿಗೆ, ಸುಲೈಮಾನನೆಂಬ ವರ್ತಕನದೆಂದು ಹೇಳುವ ವೃತ್ತಾಂತವು ಲೋಕದ ನಾಲ್ವರು ಮಹಾರಾಜರಲ್ಲಿ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಇವರ ಜೊತೆಗೆ ‘ಬಲ್ಹರಾ’ನನ್ನು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅವನ ಕಾಲದಲ್ಲಿಯೇ ಕವಿರಾಜಮಾರ್ಗವೂ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಹುಟ್ಟಿದವು. ಬಾಗ್ದಾದಿನಲ್ಲಿ ಒಂದು, ಮಾನ್ಯಖೇಟದಲ್ಲಿ ಒಂದು, ಹೀಗೆ ಎರಡು ಆಸ್ಥಾನಗಳಲ್ಲಿ ಒಂದೇ ಶತಮಾನದಲ್ಲಿ ಗಣಿತಜ್ಞರು ಅದೇ ಶೂನ್ಯವನ್ನು ಹಿಡಿದು ಲೆಕ್ಕ ಹಾಕುತ್ತಿದ್ದರು. ಈ ಸಮಕಾಲೀನತೆಯು ನನಗೆ ಪ್ರತಿ ಸಲವೂ ರೋಮಾಂಚವನ್ನು ತರುತ್ತದೆ.

ಹಾರೂನನ ಮಗ ಖಲೀಫ ಅಲ್-ಮಾಮೂನನು ಒಂದು ರಾತ್ರಿ ಕನಸಿನಲ್ಲಿ ಅರಿಸ್ಟಾಟಲನನ್ನು ಕಂಡು ಒಳ್ಳೆಯದು ಯಾವುದೆಂದು ಕೇಳಿದನಂತೆ. ಬುದ್ಧಿಗೆ ಒಳ್ಳೆಯದಾಗಿ ತೋರುವುದೆಂಬ ಉತ್ತರ ಬಂದಿತಂತೆ. 987ರಲ್ಲಿ ತನ್ನ ಕಾಲದ ಅರಬ್ಬೀ ಪುಸ್ತಕಗಳಿಗೆಲ್ಲ ಮಹಾಸೂಚಿಯನ್ನು ರಚಿಸಿದ ಪುಸ್ತಕವ್ಯಾಪಾರಿ ಇಬ್ನ್ ಅಲ್-ನದೀಮನು ಈ ಕಥೆಯನ್ನು ಹೇಳುತ್ತಾನೆ. ‘ಬೈತುಲ್ ಹಿಕ್ಮಾ’ ಎಂಬ ರಾಜಗ್ರಂಥಾಲಯವು ಮಾಮೂನನ ಕಾಲದಲ್ಲಿ ಪ್ರಸಿದ್ಧವಾಯಿತು. ಅವನ ಖಗೋಳಜ್ಞರು ಸಿಂಜಾರಿನ ಬಯಲಿನಲ್ಲಿ ಹಗ್ಗ ಹಿಡಿದು ನಡೆದು ಭೂಮಿಯ ಒಂದು ಅಂಶದ ಉದ್ದವನ್ನು ಅಳೆದರು. ಅರಬ್ಬರಲ್ಲಿ ಮೊದಲ ದಾರ್ಶನಿಕನೆನಿಸಿದ ಅಲ್-ಕಿಂದಿಯು, ಸತ್ಯವು ದೂರದ ಜನಾಂಗದಿಂದ ಬಂದರೂ ಪರಭಾಷೆಯಿಂದ ಬಂದರೂ ಅದನ್ನು ಸ್ವೀಕರಿಸುವುದರಲ್ಲಿ ನಾಚಿಕೆಯಿಲ್ಲವೆಂದು ಬರೆದುದು ಈ ವಾತಾವರಣದಲ್ಲಿಯೇ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಬುದ್ಧಿಯನ್ನು ಅಷ್ಟೊಂದು ಆರಾಧಿಸಿದ ಇದೇ ಮಾಮೂನನು 833ರಲ್ಲಿ, ಕುರಾನು ಸೃಷ್ಟವೆಂಬ ತನ್ನ ಮತವನ್ನು ಒಪ್ಪದ ಧರ್ಮಪಂಡಿತರನ್ನು ವಿಚಾರಣೆಗೆ ಗುರಿಮಾಡಿದನು. ಅವನ ಉತ್ತರಾಧಿಕಾರಿಯ ಕಾಲದಲ್ಲಿ ಅಹ್ಮದ್ ಇಬ್ನ್ ಹನ್ಬಲನಂಥ ಪೂಜ್ಯನು ಚಾವಟಿಯ ಏಟು ತಿಂದನು. ಬುದ್ಧಿಯ ಹೆಸರಿನಲ್ಲಿ ನಡೆದ ಈ ಬಲಾತ್ಕಾರವು ಆ ಯುಗದ ಕಳಂಕವೇ ಸರಿ.

ರಾಜರನ್ನು ಬಿಟ್ಟು ಈಗ ದುಡಿದವರನ್ನು ನೋಡೋಣ. ಅವರಲ್ಲಿ ಅಗ್ರಗಣ್ಯನು ಹುನೈನ್ ಇಬ್ನ್ ಇಸ್ಹಾಕ್. ಹೀರಾ ಪಟ್ಟಣದ ಅರಬ್ ಕ್ರೈಸ್ತ, ಔಷಧ ಮಾರುವವನ ಮಗ. ಬಾಗ್ದಾದಿಗೆ ವೈದ್ಯ ಕಲಿಯಲು ಬಂದ ಈ ತರುಣನು ಪಾಠದ ನಡುವೆ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ ಗುರುವನ್ನು ಬೇಸರಗೊಳಿಸಿದನು. ಹೀರಾದವರಿಗೆ ವೈದ್ಯವೇಕೆ, ಬೀದಿಯಲ್ಲಿ ಕುಳಿತು ನಾಣ್ಯ ವಿನಿಮಯ ಮಾಡಿಕೊಳ್ಳಲೆಂದು ಗುರು ಹೊರಗಟ್ಟಿದನಂತೆ. ಅಳುತ್ತ ಹೋದ ಹುಡುಗನು ಕೆಲವು ವರ್ಷಗಳ ಮೇಲೆ ಹೋಮರನ ಕಾವ್ಯವನ್ನು ಮೂಲ ಗ್ರೀಕಿನಲ್ಲಿ ಪಠಿಸುತ್ತ ಅದೇ ನಗರದ ಬೀದಿಯಲ್ಲಿ ಕಾಣಿಸಿಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ.

ಗ್ರೀಕ್ ವೈದ್ಯ ಗ್ಯಾಲೆನನ ಗ್ರಂಥಗಳಲ್ಲಿ ತನಗೆ ತಿಳಿದ ಸುಮಾರು 129ನ್ನು ಕುರಿತು, ಯಾರು ಯಾರು ಯಾವಾಗ ಅವನ್ನು ಭಾಷಾಂತರಿಸಿದರೆಂದು ಹುನೈನನು ಒಂದು ಪತ್ರರೂಪದ ಕೃತಿಯನ್ನು ಬರೆದಿದ್ದಾನೆ. ಅಷ್ಟಿಷ್ಟು ಭಾಷಾಂತರದ ಕೆಲಸ ಮಾಡಿರುವ ನನ್ನಂಥವನಿಗೆ ಅದು ಧರ್ಮಗ್ರಂಥದಂತೆ ತೋರುತ್ತದೆ. ವೈದ್ಯರ ಪಂಥಗಳನ್ನು ಕುರಿತ ಪುಸ್ತಕವೊಂದನ್ನು ಇಪ್ಪತ್ತರ ಹರೆಯದಲ್ಲಿ, ದೋಷಗಳಿಂದ ತುಂಬಿದ ಒಂದೇ ಪ್ರತಿಯಿಂದ ಅನುವಾದಿಸಿದ್ದೆನೆಂದು ಅವನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ನಲವತ್ತರ ಸುಮಾರಿಗೆ ಶಿಷ್ಯ ಹುಬೈಶನು ಅದನ್ನು ತಿದ್ದಿಕೊಡಬೇಕೆಂದು ಕೇಳಿದಾಗ, ಅಷ್ಟರಲ್ಲಿ ಕೂಡಿಸಿದ್ದ ಹಲವು ಗ್ರೀಕ್ ಪ್ರತಿಗಳನ್ನು ಒಂದರೊಡನೊಂದು ತಾಳೆನೋಡಿ, ಮೊದಲು ಶುದ್ಧವಾದ ಮೂಲಪಾಠವನ್ನು ಸಿದ್ಧಪಡಿಸಿ, ಆಮೇಲೆ ತನ್ನ ಹಳೆಯ ಅನುವಾದವನ್ನು ಅದರೊಡನೆ ಹೋಲಿಸಿ ತಿದ್ದಿದನು. ಭಾಷಾಂತರಿಸಿದುದಕ್ಕೆಲ್ಲ ಹೀಗೆಯೇ ಮಾಡುವುದು ತನ್ನ ವಾಡಿಕೆಯೆಂದೂ ಹೇಳುತ್ತಾನೆ. ನಮ್ಮ ಪ್ರಾಚ್ಯಸಂಶೋಧನಾಲಯದ ಪಂಡಿತರು ಪಂಪನನ್ನೋ ರನ್ನನನ್ನೋ ಪರಿಷ್ಕರಿಸುವಾಗ ಓಲೆಗರಿಗಳ ಮೇಲೆ ನಡೆಸಿದ ಶ್ರಮವೇ ಇದು. ಸಾವಿರ ವರ್ಷಗಳ ಹಿಂದಿನದು. ಗ್ಯಾಲೆನನ ಒಂದು ತರ್ಕಗ್ರಂಥಕ್ಕಾಗಿ ಹುನೈನನು ಮೆಸೊಪೊಟೇಮಿಯ, ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟುಗಳನ್ನೆಲ್ಲ ಅಲೆದು, ಕೊನೆಗೆ ಡಮಾಸ್ಕಸ್ಸಿನಲ್ಲಿ ಅದರ ಅರ್ಧದಷ್ಟನ್ನು ಕಂಡನು.

ಒಂದು ಪದಕ್ಕೆ ಒಂದು ಪದವನ್ನು ಜೋಡಿಸುವುದು ಹುನೈನನಿಗೆ ಸೇರದು. ವಾಕ್ಯವನ್ನು ಇಡಿಯಾಗಿ ಅರಿತು, ಅದನ್ನು ಕೇಳುವವನ ಭಾಷೆಯಲ್ಲಿ ಹೊಸದಾಗಿ ಹೇಳುವುದು ಅವನ ಪದ್ಧತಿ. ಇಲ್ಲದ ಪಾರಿಭಾಷಿಕಗಳನ್ನು ಸೃಷ್ಟಿಸಬೇಕಾಗಿತ್ತು. ಕಣ್ಣಿನ ಹಿಂಭಾಗದ ಪಟಲವನ್ನು ಗ್ರೀಕರು ಬಲೆಯಂತಿರುವುದೆಂದು ಕರೆದರೆ, ಅರಬ್ಬಿಯಲ್ಲಿ ಅದು ಬಲೆಯೆಂಬ ಮಾತಿನಿಂದಲೇ ‘ಶಬಕಿಯ್ಯಾ’ ಆಯಿತು. ಆ ಜಾಡಿನಲ್ಲಿಯೇ ಲ್ಯಾಟಿನಿನ ‘ರೆಟಿನಾ’ ಬಂದಿತು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಹೊರಟು, ಸಂಸ್ಕೃತದ ಮಾತನ್ನು ಕಟ್ಟಬೇಕೇ, ಇಂಗ್ಲಿಷಿನದನ್ನೇ ಇಟ್ಟುಕೊಳ್ಳಬೇಕೇ, ಹಳ್ಳಿಯ ಮಾತು ಸಿಕ್ಕೀತೇ ಎಂದು ಯೋಚಿಸುವವರು ಎದುರಿಸುವ ಪ್ರಶ್ನೆಗಳೆಲ್ಲ ಬಾಗ್ದಾದಿನ ಆ ಮನೆಯಲ್ಲಿ, ಹುನೈನನೂ ಅವನ ಮಗ ಇಸ್ಹಾಕನೂ ಸೋದರಳಿಯ ಹುಬೈಶನೂ ಕುಳಿತ ಚಾಪೆಯ ಮೇಲೆ, ಆಗಲೇ ಎದ್ದಿದ್ದವು. ಅವರಿಗೆ ಹಣವೊದಗಿಸಿದವರಲ್ಲಿ ಮೂಸಾನ ಮೂವರು ಮಕ್ಕಳೆಂದು ಹೆಸರಾದ ಮುಸಲ್ಮಾನ ಗಣಿತಜ್ಞ ಸೋದರರಿದ್ದರು. ಅದೇ ಸೋದರರ ಆಶ್ರಯದಲ್ಲಿ ಬೆಳೆದ ಸಾಬಿತ್ ಇಬ್ನ್ ಕುರ್ರನು ಹರ್ರಾನಿನ ನಕ್ಷತ್ರಪೂಜಕರ ಮತಕ್ಕೆ ಸೇರಿದವನು, ಕೊನೆಯವರೆಗೂ ಅದನ್ನು ಬಿಡಲಿಲ್ಲ. ಇಸ್ಹಾಕನು ಅರಬ್ಬಿಗೆ ತಂದ ಯೂಕ್ಲಿಡನ ರೇಖಾಗಣಿತವನ್ನು ತಿದ್ದಿದವನು ಈ ಸಾಬಿತನೇ. ಹೀಗೆ ಕ್ರೈಸ್ತನು ಅನುವಾದಿಸಿ, ನಕ್ಷತ್ರಪೂಜಕನು ತಿದ್ದಿ, ಮುಸಲ್ಮಾನನು ಹಣವಿತ್ತು ಓದಿದ ವಿದ್ಯೆಯನ್ನು ಇಸ್ಲಾಮೀ ನಾಗರಿಕತೆಯದೆಂದು ಕರೆಯುವಾಗ, ಆ ಮಾತಿನ ಅಗಲವನ್ನು ನಾವು ಅರಿತಿರಬೇಕು.

ಖಲೀಫ ಮುತವಕ್ಕಿಲನು ಒಮ್ಮೆ, ಶತ್ರುವೊಬ್ಬನಿಗೆ ವಿಷವನ್ನು ಸಿದ್ಧಪಡಿಸಿಕೊಡೆಂದು ಹುನೈನನಿಗೆ ಆಜ್ಞಾಪಿಸಿದನೆಂಬ ಕಥೆಯಿದೆ. ಅವನು ಒಪ್ಪಲಿಲ್ಲ, ಒಂದು ವರ್ಷ ಸೆರೆಯಲ್ಲಿಟ್ಟರೂ ಒಪ್ಪಲಿಲ್ಲ. ಕತ್ತಿ ತೋರಿಸಿ ಕಾರಣ ಕೇಳಿದಾಗ, ಶತ್ರುವಿಗೂ ಒಳಿತನ್ನು ಮಾಡೆನ್ನುವ ತನ್ನ ಧರ್ಮ ಒಂದು, ಯಾರಿಗೂ ಪ್ರಾಣಹಾನಿಯ ಮದ್ದು ಕೊಡಬೇಡವೆನ್ನುವ ತನ್ನ ವೃತ್ತಿ ಒಂದು, ಎರಡೂ ಅಡ್ಡಬಂದವೆಂದನಂತೆ. ಅದು ಪರೀಕ್ಷೆಯಷ್ಟೇ ಎಂದು ಖಲೀಫನು ಬಿಡುಗಡೆ ಮಾಡಿ ಸನ್ಮಾನಿಸಿದನು.

ಹುನೈನನು 873ರಲ್ಲಿ ತೀರಿಕೊಂಡನು. 1258ರಲ್ಲಿ ಹುಲಾಗುವಿನ ಮಂಗೋಲ ಸೈನ್ಯವು ಬಾಗ್ದಾದನ್ನು ಸೂರೆಗೊಂಡು ಅಲ್ಲಿನ ಕೊನೆಯ ಖಲೀಫನನ್ನು ಕೊಂದಿತು. ನದಿಯ ನೀರು ಪುಸ್ತಕಗಳ ಶಾಯಿಯಿಂದ ಕಪ್ಪಾಗಿ ಹರಿಯಿತೆಂದು ಜನ ಹೇಳಿಕೊಂಡರು. ಅಷ್ಟರಲ್ಲಿ ಆ ಪುಸ್ತಕಗಳ ಪ್ರತಿಗಳು ಕೈರೋ, ಕಾರ್ಡೋವಾಗಳನ್ನು ಸೇರಿ, ಸ್ಪೇನಿನ ಟೊಲೆಡೊ ನಗರದಲ್ಲಿ ಲ್ಯಾಟಿನಿಗೂ ಇಳಿದಿದ್ದವು. ಗ್ಯಾಲೆನನು ಶರೀರಚ್ಛೇದವನ್ನು ಕುರಿತು 15 ಭಾಗಗಳಲ್ಲಿ ಬರೆದ ದೊಡ್ಡ ಗ್ರಂಥವೊಂದುಂಟು. ಅದರ ಗ್ರೀಕ್ ಮೂಲವು ಒಂಬತ್ತನೆಯ ಭಾಗದ ನಡುವಿನಲ್ಲಿಯೇ ತುಂಡಾಗಿ, ಮುಂದಿನದೆಲ್ಲ ಕಾಲಗರ್ಭದಲ್ಲಿ ಅಡಗಿಹೋಗಿದೆ. ಕಣ್ಣು, ನಾಲಗೆ, ಧ್ವನಿಪೆಟ್ಟಿಗೆ, ನರಗಳು ಇವನ್ನು ಗ್ಯಾಲೆನನು ಹೇಗೆ ಬಿಡಿಸಿ ನೋಡಿದನೆಂದು ತಿಳಿಯಬಯಸುವ ಯೂರೋಪಿನ ವಿದ್ವಾಂಸನು ಇಂದಿಗೂ ಅಲ್ಲಿಂದ ಮುಂದಕ್ಕೆ ಹುನೈನನ ಮನೆಯಲ್ಲಿ ಸಿದ್ಧವಾದ ಅರಬ್ಬೀ ಪಾಠವನ್ನೇ ತೆರೆಯಬೇಕು.