ಗಾಳಿಯ ಮುನ್ಸೂಚನೆ



ಹಾಯಿ ಬಿಚ್ಚುವವನು ಗಾಳಿಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು? 1859ನೆಯ ಇಸವಿಯ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸಿನ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು, ನಾನೂರಕ್ಕೂ ಹೆಚ್ಚು ಜನ ಮಡಿದರು. ಅದನ್ನು ಕಂಡು ಮರುಗಿದ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿಯು ನಾನಾ ಸ್ಥಳಗಳಿಂದ ತಂತಿಯ ಮೂಲಕ ಹವೆಯ ವರದಿಗಳನ್ನು ತರಿಸಿ, 1861ರಲ್ಲಿ ರೇವುಗಳಿಗೆ ಬಿರುಗಾಳಿಯ ಎಚ್ಚರಿಕೆಗಳನ್ನು ಕಳುಹಿಸತೊಡಗಿದನು. ಇವು ಕಣಿಯಲ್ಲ, ಲೆಕ್ಕದ ಮೇಲೆ ನಿಂತ ಅಭಿಪ್ರಾಯ ಎಂಬುದೇ ಅವನ ಮತ. ತಪ್ಪಿದಾಗ ನಕ್ಕವರುಂಟು. ಅವನು ತೀರಿಕೊಂಡ ಮೇಲೆ, 1866ರಲ್ಲಿ, ಶಾಸ್ತ್ರಾಧಾರ ಸಾಲದೆಂಬ ಪಂಡಿತರ ಮಾತಿನಿಂದ ಎಚ್ಚರಿಕೆಗಳು ನಿಂತವು. ಮತ್ತೆ ಬೇಕೆಂದು ಕೇಳಿದವರಲ್ಲಿ ಕಡಲಿನವರೇ ಇದ್ದರು. ಮರುವರ್ಷವೇ ಅವು ಮರಳಿದವು.

ನಾವು ಇದರಿಂದ ತಿಳಿಯತಕ್ಕದ್ದೇನು? ಮುನ್ಸೂಚನೆಯು ಆಣೆಯಲ್ಲ. ಅದು ಹೊರಟ ಹೊತ್ತನ್ನೂ ಹೇಳುವ ಕಡಲನ್ನೂ ಗಮನಿಸಿ, ನಮ್ಮ ವಾಯುಭಾರಮಾಪಕದೊಡನೆ ಹೋಲಿಸಿ ನೋಡೋಣ. ಸಂದೇಹವಿದ್ದಾಗ ರೇವಿನಲ್ಲೇ ಉಳಿಯುವುದು ಹೇಡಿತನವಲ್ಲ, ವಿವೇಕ.